ಅರವತ್ತನಾಲ್ಕು ಮನೆಯ ಲೆಕ್ಕ: ಓದುಗರು ಕೇಳಿದ್ದು, ನಾವು ಹೇಳಿದ್ದು

ಹೋದ ತಿಂಗಳ ಸಂಚಿಕೆಯ ಒಂದು ಮೂಲೆಯಲ್ಲಿ ಹಳೆಯ ಲೆಕ್ಕವೊಂದನ್ನು ಕೊಟ್ಟಿದ್ದೆವು. ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಅಕ್ಕಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ 64 ಮನೆಯನ್ನೂ ತುಂಬಿದರೆ ಒಟ್ಟು ಎಷ್ಟು ಕಾಳು? ಉತ್ತರ 1,84,46,74,40,73,70,95,51,615. ಇಪ್ಪತ್ತು ಅಂಕಿ. ಉತ್ತರ ಬರೆದು ಕಳಿಸಿದವರಿಗಿಂತ ಆ ಉತ್ತರದ ಮೇಲೆ ಪ್ರಶ್ನೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಒಂದು ಸಂಖ್ಯೆಯ ಹಿಂದೆ ಹೋಗೋಣ.

ಪ್ರಶ್ನೆ: ಸರ್, 64 ಸಂಖ್ಯೆಗಳನ್ನು ಒಂದೊಂದಾಗಿ ಕೂಡದೆ ಈ ಉತ್ತರ ಹೇಗೆ ಬಂತು ಅಂತ ಮಕ್ಕಳಿಗೆ ಹೇಗೆ ಹೇಳುವುದು? ಇನ್ನೊಂದು ವಿಷಯ. ಒಬ್ಬ ಹುಡುಗ ಇದು ಅವಿಭಾಜ್ಯ ಸಂಖ್ಯೆಯಾ ಅಂತ ಕೇಳಿದ. ಕೊನೆಗೆ 5 ಇದೆಯಲ್ಲೋ, ಐದರಿಂದ ಭಾಗ ಹೋಗುತ್ತೆ ಅಂದೆ. ಹಾಗಾದ್ರೆ ಪೂರ್ತಿ ಒಡೆದು ತೋರಿಸಿ ಸಾರ್ ಅಂದುಬಿಟ್ಟ.
(ಹೈಸ್ಕೂಲು ಮೇಷ್ಟ್ರು, ತಿಪಟೂರು)

ಉತ್ತರ: ಮೇಷ್ಟ್ರೇ, ಹುಡುಗ ಘಾಟಿ ಇದ್ದಾನೆ, ಬಿಡಬೇಡಿ. ಮೊದಲು ಕೂಡುವ ವಿಷಯ. ಬೋರ್ಡಿನ ಮೇಲೆ 1, 2, 4, 8, 16 ಅಂತ ಬರೆಯಿರಿ. ಮೊದಲೆರಡು ಮನೆ ಸೇರಿದರೆ 3, ಅಂದರೆ ಮೂರನೇ ಮನೆಯ 4ಕ್ಕಿಂತ ಒಂದು ಕಮ್ಮಿ. ಮೂರು ಮನೆ ಸೇರಿದರೆ 7, ನಾಲ್ಕನೇ ಮನೆಯ 8ಕ್ಕಿಂತ ಒಂದು ಕಮ್ಮಿ. ಯಾವ ಮನೆಗೆ ಹೋಗಿ ನಿಂತರೂ ಹಿಂದಿನ ಎಲ್ಲ ಮನೆಗಳ ಮೊತ್ತ ಆ ಮನೆಯ ಕಾಳಿಗಿಂತ ಒಂದೇ ಒಂದು ಕಮ್ಮಿ ಇರುತ್ತದೆ. ಹಲಗೆಯಲ್ಲಿ 65ನೇ ಮನೆ ಅಂತ ಒಂದು ಇದ್ದಿದ್ದರೆ ಅದರಲ್ಲಿ 2⁶⁴ ಕಾಳು ಇರುತ್ತಿತ್ತು. ಆದ್ದರಿಂದ ನಮ್ಮ ಮೊತ್ತ 2⁶⁴ − 1. ಮುಗಿಯಿತು.

ಈಗ ಒಡೆಯೋಣ. ಇಪ್ಪತ್ತು ಅಂಕಿ ನೋಡಿ ಹೆದರಿ 3ರಿಂದ ಭಾಗಿಸು, 7ರಿಂದ ಭಾಗಿಸು ಅಂತ ಶುರು ಮಾಡಿದರೆ ಸಂಜೆಯಾದರೂ ಮುಗಿಯುವುದಿಲ್ಲ, ಯಾಕೆಂದರೆ ಇದರ ಒಂದು ಅಪವರ್ತನ ಅರವತ್ತೇಳು ಲಕ್ಷದಲ್ಲಿದೆ. ಅಂಕಿಗಳನ್ನು ಮರೆತುಬಿಡಿ, ಸಂಖ್ಯೆಯನ್ನು ಕಟ್ಟಿರುವ ರೀತಿ ನೋಡಿ. 2⁶⁴ ಅನ್ನೋದು ಒಂದು ವರ್ಗ, 2³²ರ ವರ್ಗ. ಯಾವುದೇ ವರ್ಗದಿಂದ 1 ಕಳೆದರೆ ಅದು ಎರಡು ಭಾಗವಾಗಿ ಒಡೆಯುತ್ತದೆ ಅಂತ ಎಂಟನೇ ಕ್ಲಾಸಿನಲ್ಲೇ ಹೇಳಿಕೊಟ್ಟಿರುತ್ತೀರಿ: 16 − 1 ಅಂದರೆ 3 × 5, 256 − 1 ಅಂದರೆ 15 × 17. ಹಾಗೇ

2⁶⁴ − 1 = (2³² − 1) × (2³² + 1)

ಎಡಗಡೆಯ 2³² − 1 ಕೂಡ ಅದೇ ಜಾತಿಯದು, ಅದನ್ನೂ ಒಡೆಯಿರಿ. 2¹⁶ − 1, 2⁸ − 1, 2⁴ − 1, 2² − 1 ಅಂತ ಇಳಿಯುತ್ತಾ ಬಂದರೆ ಕೊನೆಗೆ ಕೈಯಲ್ಲಿ ಉಳಿಯುವುದು

3 × 5 × 17 × 257 × 65537 × 4294967297

ಒಂದೂ ಭಾಗಾಕಾರ ಮಾಡದೆ ಇಪ್ಪತ್ತಂಕಿಯ ಸಂಖ್ಯೆ ಆರು ತುಂಡಾಯಿತು! ಮೊದಲ ಐದೂ ಅವಿಭಾಜ್ಯ. ಆರನೆಯದು ಮಾತ್ರ ಇನ್ನೂ ಒಡೆಯುತ್ತದೆ, 641 × 6700417 ಆಗಿ. ಅದರ ಕತೆ ಬೇರೆಯೇ ಇದೆ, ಮುಂದೆ ಧಾರವಾಡದ ಹುಡುಗಿಯೊಬ್ಬಳು ಅದನ್ನೇ ಕೇಳಿದ್ದಾಳೆ, ಅಲ್ಲಿ ನೋಡೋಣ. ಒಟ್ಟು ಏಳು ಅವಿಭಾಜ್ಯಗಳು, ಒಂದೂ ಎರಡು ಸಲ ಬರುವುದಿಲ್ಲ. ಹಾಗಿದ್ದರೆ ಈ ಸಂಖ್ಯೆಗೆ ಭಾಜಕಗಳು ಎಷ್ಟು ಅಂತ ಆ ಹುಡುಗನಿಗೇ ತಿರುಗಿ ಕೇಳಿ. ಒಂದು ಭಾಜಕ ಕಟ್ಟಬೇಕಾದರೆ ಏಳರಲ್ಲಿ ಪ್ರತಿಯೊಂದನ್ನೂ ತಗೊಳ್ಳಬಹುದು ಅಥವಾ ಬಿಡಬಹುದು, ಆದ್ದರಿಂದ 2⁷, ಅಂದರೆ 128. ಎರಡರ ಘಾತದಿಂದ ಹುಟ್ಟಿದ ಸಂಖ್ಯೆಗೆ ಭಾಜಕಗಳ ಲೆಕ್ಕವೂ ಎರಡರ ಘಾತದಲ್ಲೇ ಬಂತು ನೋಡಿ.

ಈ ತುಂಡುಗಳಲ್ಲಿ ಇನ್ನೊಂದು ಚಂದದ ಗುಣ ಇದೆ. 257ರಿಂದ 2 ಕಳೆಯಿರಿ, 255. ಅದು 3 × 5 × 17. 65537ರಿಂದ 2 ಕಳೆದರೆ 65535, ಅದು 3 × 5 × 17 × 257. ಪ್ರತಿ ತುಂಡಿನಿಂದ ಎರಡು ಕಳೆದರೆ ಹಿಂದಿನ ಎಲ್ಲ ತುಂಡುಗಳ ಗುಣಲಬ್ಧ ಸಿಗುತ್ತದೆ. ಹೀಗಾಗಿ ಯಾವುದೇ ಎರಡು ತುಂಡಿಗೂ ಸಾಮಾನ್ಯ ಭಾಜಕ ಇರಲು ಸಾಧ್ಯವೇ ಇಲ್ಲ. ಇದ್ದಿದ್ದರೆ ಅದು 2ನ್ನೂ ಭಾಗಿಸಬೇಕಿತ್ತು, ಆದರೆ ಇವೆಲ್ಲ ಬೆಸ ಸಂಖ್ಯೆಗಳು. ಈ ಸಾಲು ಮುಗಿಯುವುದೇ ಇಲ್ಲ, ಪ್ರತಿ ತುಂಡೂ ಹೊಸ ಅವಿಭಾಜ್ಯವನ್ನು ತರುತ್ತದೆ, ಆದ್ದರಿಂದ ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ. ಇದೇ ಮಾತಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೊಟ್ಟ ರುಜುವಾತಿಗಿಂತ ಬೇರೆ ದಾರಿ ಇದು. ಹತ್ತನೇ ಕ್ಲಾಸಿನ ಮಕ್ಕಳಿಗೆ ಧಾರಾಳವಾಗಿ ಅರ್ಥವಾಗುತ್ತದೆ, ಒಂದು ಪೀರಿಯಡ್ ಸಾಕು.

ಪ್ರಶ್ನೆ: ಇದನ್ನು ಕನ್ನಡದಲ್ಲಿ ಓದುವುದು ಹೇಗೆ? ಕೋಟಿ ಆದ ಮೇಲೆ ನಮ್ಮಲ್ಲಿ ಹೆಸರೇ ಇಲ್ವಾ?
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಉತ್ತರ: ಇವತ್ತಿನ ಮಾತಿನಲ್ಲಾದರೆ "ಸುಮಾರು ಒಂದು ಲಕ್ಷದ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿ" ಅನ್ನಬೇಕು. ಕೋಟಿಯನ್ನು ಎರಡು ಸಲ ಹೇಳೋದು ತಪ್ಪೇನಲ್ಲ, ಆದರೆ ಕೇಳಿದವರಿಗೆ ತಲೆ ಸುತ್ತುತ್ತದೆ.

ಹೆಸರು ಇರಲಿಲ್ಲ ಅಂತ ಯಾರು ಹೇಳಿದ್ದು? ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹ ತೆಗೆದು ನೋಡಿ. ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿ ಶುರುವಾಗುವ ಸಂಸ್ಕೃತ ಪುಸ್ತಕ ಅದು. ಅದರಲ್ಲಿ 24 ಸ್ಥಾನಗಳಿಗೆ ಹೆಸರಿದೆ. ಕೋಟಿ, ದಶಕೋಟಿ, ಶತಕೋಟಿ ಆದ ಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಕೊನೆಗೆ ಮಹಾಕ್ಷೋಭ. ಇಪ್ಪತ್ತನೇ ಸ್ಥಾನ ಮಹಾಶಂಖ. ನಮ್ಮ ಸಂಖ್ಯೆ ಸರಿಯಾಗಿ ಇಪ್ಪತ್ತು ಅಂಕಿಯದು. ಆದ್ದರಿಂದ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ ಅಂತ ಗತ್ತಿನಿಂದ ಓದಿಕೊಂಡು ಹೋಗಬಹುದು. ಇನ್ನೂ ನಾಲ್ಕು ಹೆಸರು ಬಾಕಿ ಉಳಿಯುತ್ತವೆ.

ಒಂದು ಎಚ್ಚರ. ಈ ಹೆಸರುಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಮಹಾವೀರರ ಅರ್ಬುದ ಸಾವಿರ ಕೋಟಿ, ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಅರ್ಬುದ ಅಂದರೆ ಬರೀ ಹತ್ತು ಕೋಟಿ. ಲೀಲಾವತಿಯ ಪಟ್ಟಿ ಹದಿನೆಂಟನೇ ಸ್ಥಾನದ ಪರಾರ್ಧಕ್ಕೆ ನಿಂತುಬಿಡುತ್ತದೆ, ಅಲ್ಲಿ ನಮ್ಮ ಸಂಖ್ಯೆಯನ್ನು 184 ಪರಾರ್ಧ ಚಿಲ್ಲರೆ ಅನ್ನಬೇಕು. ವಾಟ್ಸಾಪಿನಲ್ಲಿ ಬರುವ ಪಟ್ಟಿಗಳು ಇವೆರಡನ್ನೂ ಕಲಸಿ ಬಡಿಸುತ್ತವೆ, ನಂಬಬೇಡಿ.

ಪ್ರಶ್ನೆ: ಮೊಬೈಲ್ ಕ್ಯಾಲ್ಕ್ಯುಲೇಟರಿನಲ್ಲಿ ಹಾಕಿದರೆ 1.8446744 ಅಂತ ಬಂದು ಪಕ್ಕದಲ್ಲಿ 19 ಅಂತ ತೋರಿಸಿತು. ಆಫೀಸಿನ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಪೂರ್ತಿ ಸಂಖ್ಯೆ ಟೈಪ್ ಮಾಡಿದರೆ ಅದು 18446744073709500000 ಆಗಿಬಿಟ್ಟಿತು. ನಿಮ್ಮದು ತಪ್ಪಾ, ಕಂಪ್ಯೂಟರಿನದು ತಪ್ಪಾ?
(ಲೆಕ್ಕಪತ್ರ ವಿಭಾಗದ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ನಮ್ಮದು ಸರಿ. ಮೊಬೈಲಿನ ಆ 19 ಅಂದರೆ 10¹⁹ರಿಂದ ಗುಣಿಸಿಕೊಳ್ಳಿ ಅಂತ, ಅದು ಬರೀ ಅಂದಾಜು. ಎರಡರ ಘಾತ ಯಾವತ್ತೂ ಸೊನ್ನೆಯಲ್ಲಿ ಮುಗಿಯುವುದಿಲ್ಲ, 2, 4, 8, 6 ಇವೇ ಸುತ್ತಿ ಸುತ್ತಿ ಬರುತ್ತವೆ. ಘಾತಾಂಕವನ್ನು 4 ಭಾಗಿಸಿದರೆ ಕೊನೆಯ ಅಂಕಿ 6. ಅದರಲ್ಲಿ ಒಂದು ಕಳೆದರೆ 5. ಐದು ಸೊನ್ನೆ ಕಂಡ ತಕ್ಷಣ ಯಂತ್ರ ಕೈ ಚೆಲ್ಲಿದೆ ಅಂತ ಗೊತ್ತಾಗಬೇಕು.

ಕಾರಣ ಹೀಗೆ. ಸಾಮಾನ್ಯ ಲೆಕ್ಕದ ತಂತ್ರಾಂಶಗಳು ಸಂಖ್ಯೆಯ ಮೊದಲ ಹದಿನೈದು, ಹದಿನಾರು ಅಂಕಿಯನ್ನು ಮಾತ್ರ ಸರಿಯಾಗಿ ಹಿಡಿದಿಡುತ್ತವೆ. ಒಳಗೆ ಅವುಗಳಿಗೆ ಸಿಗುವುದು 53 ದ್ವಿಮಾನ ಸ್ಥಾನ (0 ಮತ್ತು 1 ಎರಡೇ ಅಂಕಿ ಬಳಸುವ ಎಣಿಕೆಯ ಸ್ಥಾನ), 2⁵³ ಅಂದರೆ 9007199254740992. ಅದಕ್ಕಿಂತ ದೊಡ್ಡದು ಬಂದರೆ ಬಾಲವನ್ನು ಕತ್ತರಿಸಿ ಬಿಸಾಕುತ್ತವೆ. ಹಣದ ಲೆಕ್ಕದಲ್ಲಿ ಇಷ್ಟು ದೊಡ್ಡ ಮೊತ್ತ ಬರಲ್ಲ, ಸರಿ. ಆದರೆ ಹದಿನಾರು ಅಂಕಿಯ ಕಾರ್ಡ್ ನಂಬರನ್ನು ಸುಮ್ನೆ ಸಂಖ್ಯೆಯಾಗಿ ಟೈಪ್ ಮಾಡಿ ಕೊನೆಯ ಅಂಕಿ ಸೊನ್ನೆಯಾಗಿ ಒದ್ದಾಡಿದವರು ನಿಮ್ಮ ವಿಭಾಗದಲ್ಲೇ ಸಿಕ್ಕಾರು, ಕೇಳಿ ನೋಡಿ. ಅಂಥದ್ದನ್ನು ಅಕ್ಷರದ ಹಾಗೆ ನಮೂದಿಸಬೇಕು.

ಯಂತ್ರವನ್ನು ಬದಿಗಿಟ್ಟು ಕೈಯಲ್ಲೇ ಮಾಡಬಹುದು. 64 ಸಲ ದುಪ್ಪಟ್ಟು ಮಾಡುವ ಅಗತ್ಯವಿಲ್ಲ, ಆರು ಸಲ ವರ್ಗ ಮಾಡಿದರೆ ಸಾಕು: 2, 4, 16, 256, 65536, 4294967296, ಆಮೇಲೆ ಕೊನೆಯ ವರ್ಗ. ಘಾತಾಂಕವನ್ನು ಅರ್ಧ ಮಾಡುತ್ತಾ ಹೋಗಿ ವರ್ಗ ಮಾಡುತ್ತಾ ವಾಪಸ್ ಬರುವ ಈ ಉಪಾಯ ಪಿಂಗಳನ ಛಂದಃಶಾಸ್ತ್ರದಲ್ಲೇ ಇದೆ. ಅವನಿಗೆ ಇದು ಬೇಕಾಗಿದ್ದು ಲಘು ಗುರುಗಳ ಪ್ರಸ್ತಾರ, ಅಂದರೆ ಅವನ್ನು ಜೋಡಿಸುವ ಎಲ್ಲ ಬಗೆಗಳನ್ನು ಎಣಿಸಲು. ಒಂದೊಂದು ಅಕ್ಷರವೂ ಲಘುವಾಗಬಹುದು ಅಥವಾ ಗುರುವಾಗಬಹುದು ಅಂದಮೇಲೆ 32 ಅಕ್ಷರಕ್ಕೆ 2³² ಬಗೆ, 64 ಅಕ್ಷರಕ್ಕೆ 2⁶⁴ ಬಗೆ.

ಕೊನೆಯ ವರ್ಗಕ್ಕೆ 4294967296 ಅನ್ನು 42949 ಮತ್ತು 67296 ಅಂತ ಎರಡು ಹೋಳು ಮಾಡಿಕೊಳ್ಳಿ. ಮೊದಲ ಹೋಳಿನ ವರ್ಗ 1844616601. ಎರಡೂ ಹೋಳಿನ ಗುಣಲಬ್ಧದ ಎರಡರಷ್ಟು 5780591808. ಎರಡನೇ ಹೋಳಿನ ವರ್ಗ 4528751616. ಮೊದಲನೆಯದರ ಮುಂದೆ ಹತ್ತು ಸೊನ್ನೆ, ಎರಡನೆಯದರ ಮುಂದೆ ಐದು ಸೊನ್ನೆ ಹಾಕಿ ಮೂರನ್ನೂ ಕೂಡಿ. 18446744073709551616 ಬಂದೇ ಬರುತ್ತದೆ. ಚಹಾ ಕುಡಿಯುತ್ತಾ ಮಾಡುವಷ್ಟು ಕೆಲಸ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. 4294967297 ಅನ್ನು 641 ಭಾಗಿಸುತ್ತೆ ಅಂತ ಆಯ್ಲರ್ ಕಂಡುಹಿಡಿದದ್ದು ಅಂತ ಓದಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಷ್ಟು ಸಂಖ್ಯೆಗಳಿಂದ ಭಾಗಿಸಿ ನೋಡಿರಬೇಕು? 641ಕ್ಕಿಂತ ಚಿಕ್ಕ ಅವಿಭಾಜ್ಯಗಳೇ ನೂರಕ್ಕೂ ಹೆಚ್ಚು ಇವೆ.
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿನ್ನದೇ ಮಗಳೇ, ಅದಕ್ಕೇ ಉತ್ತರ ಸ್ವಲ್ಪ ಉದ್ದ. ಆಯ್ಲರ್ ಮಹಾಶಯನ ದಾರಿ ಹಿಡಿದರೆ ಐದೇ ಭಾಗಾಕಾರ ಸಾಕು!

ಹಿನ್ನೆಲೆ ಇಷ್ಟು. ಮೇಲೆ ಮೇಷ್ಟ್ರಿಗೆ ಹೇಳಿದ 3, 5, 17, 257, 65537 ಇವುಗಳನ್ನು ಫರ್ಮಾ ಸಂಖ್ಯೆಗಳು ಅಂತಾರೆ. ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ಬರೆದ ಪತ್ರದಲ್ಲಿ ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಅಂತ ತಾನು ನಂಬಿರುವುದಾಗಿ ಹೇಳಿದ. ಮುಂದಿನದು 2³² + 1, ಅಂದರೆ ನಿನ್ನ 4294967297. ಇದನ್ನು ಯಾರೂ ಒಡೆದು ತೋರಿಸಲಿಲ್ಲ, ಸುಮಾರು ತೊಂಬತ್ತು ವರ್ಷ ಹಾಗೇ ಕಳೆಯಿತು. 1732ರಲ್ಲಿ ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 641ನ್ನು ಹೊರಗೆ ತೆಗೆದ.

ಕಂಡ ಕಂಡ ಅವಿಭಾಜ್ಯಗಳನ್ನೆಲ್ಲ ಹಚ್ಚಿ ನೋಡುವ ಅಗತ್ಯ ಇಲ್ಲಿ ಬರುವುದೇ ಇಲ್ಲ. ಒಂದು ಅವಿಭಾಜ್ಯ 2³² + 1ನ್ನು ಭಾಗಿಸುತ್ತದೆ ಅಂತ ಇಟ್ಟುಕೋ. ಈಗ 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗು, ಪ್ರತಿ ಸಲವೂ ಆ ಅವಿಭಾಜ್ಯದಿಂದ ಭಾಗಿಸಿ ಶೇಷವನ್ನು ಮಾತ್ರ ಬರೆದುಕೋ. 32 ಹೆಜ್ಜೆ ಆದಾಗ ಶೇಷ −1ಕ್ಕೆ ಸಮ ಆಗಿರುತ್ತದೆ (ಪೂರ್ತಿ ಭಾಗ ಹೋಗಲು ಒಂದು ಕಮ್ಮಿ ಅಂತ ಅರ್ಥ), ಯಾಕೆಂದರೆ 2³² + 1 ಪೂರ್ತಿ ಭಾಗ ಹೋಗುತ್ತದಲ್ಲ. ಇನ್ನೂ 32 ಹೆಜ್ಜೆ ನಡೆದರೆ −1ರ ವರ್ಗ, ಅಂದರೆ 1ಕ್ಕೆ ವಾಪಸ್. ಸುತ್ತಿನ ಉದ್ದ 64ನ್ನು ಭಾಗಿಸಲೇಬೇಕು, 32ಕ್ಕೆ ಸುತ್ತು ಮುಗಿಯುವುದಿಲ್ಲ, ಹಾಗಾಗಿ ಸರಿಯಾಗಿ 64. ಇನ್ನೊಂದು ಕಡೆ, ಯಾವುದೇ ಬೆಸ ಅವಿಭಾಜ್ಯ ತಗೊಂಡರೂ ಅದಕ್ಕಿಂತ ಒಂದು ಕಮ್ಮಿ ಹೆಜ್ಜೆಗೆ ಈ ಆಟ 1ಕ್ಕೆ ಬಂದು ನಿಲ್ಲುತ್ತದೆ ಅಂತ ಒಂದು ಪ್ರಮೇಯ ಇದೆ. ಎರಡನ್ನೂ ಸೇರಿಸಿದರೆ, ಅವಿಭಾಜ್ಯದಿಂದ 1 ಕಳೆದದ್ದನ್ನು 64 ಭಾಗಿಸಬೇಕು. ಅಂದರೆ ನಾವು ಹುಡುಕುತ್ತಿರುವವನು 64ರ ಮಗ್ಗಿಗೆ ಒಂದು ಸೇರಿಸಿದ ಸಾಲಿನಲ್ಲೇ ಇರಬೇಕು. ತಮಾಷೆ ಏನು ಗೊತ್ತಾ? ಆ ಪ್ರಮೇಯ ಕೂಡ ಫರ್ಮಾನದ್ದೇ, ಅದೂ 1640ರದ್ದೇ. ಅವನ ಊಹೆಯನ್ನು ಕೆಡವುವ ಆಯುಧ ಅವನ ಕೈಯಲ್ಲೇ ಇತ್ತು.

ಸಾಲು ಬರೆ: 65, 129, 193, 257, 321, 385, 449, 513, 577, 641. ಇದರಲ್ಲಿ ಅವಿಭಾಜ್ಯಗಳು 193, 257, 449, 577, 641. ಮೊದಲ ನಾಲ್ಕರಲ್ಲಿ ಶೇಷ ಉಳಿಯುತ್ತದೆ. ಐದನೆಯದು 641, ಭಾಗಲಬ್ಧ 6700417, ಶೇಷ ಸೊನ್ನೆ.

ಹಾಗಾದರೆ 6700417 ಅವಿಭಾಜ್ಯ ಅಂತ ಹೇಗೆ ಗೊತ್ತು? ಅದೇ ಸಾಲು. ಇದರ ವರ್ಗಮೂಲ 2588 ಚಿಲ್ಲರೆ. ಅಲ್ಲಿವರೆಗೆ ಉಳಿದಿರುವ ಅವಿಭಾಜ್ಯಗಳು 769, 1153, 1217, 1409, 1601, 2113, ಜೊತೆಗೆ 641ನ್ನೇ ಇನ್ನೊಂದು ಸಲ ನೋಡಬೇಕು. ಏಳು ಭಾಗಾಕಾರ, ಒಂದೂ ಸರಿ ಹೋಗುವುದಿಲ್ಲ, ಕತೆ ಮುಗಿಯಿತು. (ಆ ಸಾಲಿನಲ್ಲಿ ರಾಮಾನುಜನ್ನರ 1729 ಕೂಡ ಇಣುಕುತ್ತದೆ, 64 × 27 + 1. ಆದರೆ ಅದು 7 × 13 × 19, ನಮ್ಮ ಕೆಲಸಕ್ಕೆ ಬಾರದು.)

641 ಭಾಗಿಸುತ್ತದೆ ಅನ್ನೋದನ್ನು ಭಾಗಾಕಾರ ಮಾಡದೆಯೂ ತೋರಿಸಬಹುದು. 641 = 640 + 1, ಮತ್ತು 640 = 5 × 2⁷. ಹಾಗೇ 641 = 625 + 16, ಅಂದರೆ 5⁴ + 2⁴. ಈಗ 641ರ ಶೇಷದ ಲೆಕ್ಕದಲ್ಲಿ 5 × 2⁷ ಅಂದರೆ −1. ನಾಲ್ಕನೇ ಘಾತ ಮಾಡಿದರೆ 5⁴ × 2²⁸ ಅಂದರೆ 1. ಆದರೆ ಇದೇ ಲೆಕ್ಕದಲ್ಲಿ 5⁴ ಅಂದರೆ −2⁴. ಬದಲಾಯಿಸಿ ಹಾಕು: −2³² ಅಂದರೆ 1. ಹಾಗಾಗಿ 2³² + 1 ಅಂದರೆ ಸೊನ್ನೆ. ನಾಲ್ಕು ಸಾಲು! ಪರೀಕ್ಷೆಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ, ಆದರೂ ಬಾಯಿಪಾಠ ಮಾಡಿಟ್ಟುಕೊಳ್ಳುವಷ್ಟು ಚಂದ ಇದೆ.

ಪ್ರಶ್ನೆ: ಒಂದು ಕಳೆದರೆ ಏಳು ಚೂರು ಆಗುತ್ತೆ ಅಂದಿರಿ. ಒಂದು ಕೂಡಿಸಿದರೆ?
(ಕೆಎಸ್ಆರ್‌ಟಿಸಿ ಚಾಲಕರು, ಹಾಸನ)

ಉತ್ತರ: ಒಳ್ಳೇ ಪ್ರಶ್ನೆ. ಮೂರು ಸಂಖ್ಯೆ ಅಕ್ಕಪಕ್ಕ ನಿಂತಿವೆ: ...615, ...616, ...617. ಅಂಕಿ ನೋಡಿದರೆ ಅವಳಿ ಜವಳಿ, ಸ್ವಭಾವ ನೋಡಿದರೆ ಸಂಬಂಧವೇ ಇಲ್ಲ. ನಡುವಿನದು ಬರೀ 2, ಅರವತ್ತನಾಲ್ಕು ಸಲ. ಎಡಗಡೆಯದು ಒಂದು ತಟ್ಟು ತಟ್ಟಿದರೆ ಉದುರುತ್ತದೆ. ಬಲಗಡೆಯ 2⁶⁴ + 1 ಮಾತ್ರ ಕಲ್ಲು. ಇದಕ್ಕೆ ವರ್ಗದ ಉಪಾಯ ನಡೆಯುವುದಿಲ್ಲ. ಒಡೆದಾಗ ಸಿಗುವುದು ಎರಡೇ ಚೂರು, 274177 ಮತ್ತು 67280421310721. 1855ರಲ್ಲಿ ಥಾಮಸ್ ಕ್ಲಾಸೆನ್ ಇದನ್ನು ಕಂಡುಕೊಂಡು ಹೆಸರಾಂತ ಗಣಿತಜ್ಞ ಗೌಸ್‌ಗೆ ಪತ್ರ ಬರೆದಿದ್ದ, ಆ ವಿಷಯ ಯಾರಿಗೂ ಗೊತ್ತಾಗಲಿಲ್ಲ. 1880ರಲ್ಲಿ ಫಾರ್ಚುನೆ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞ ಮತ್ತೆ ಸ್ವತಂತ್ರವಾಗಿ ಒಡೆದ. ಆಗ ಅವನಿಗೆ 82 ವರ್ಷ.

ಮುಂದಿನ ಫರ್ಮಾ ಸಂಖ್ಯೆಗಳ ಗತಿಯೂ ಇದೇ. 2³² + 1ರಿಂದ ಶುರು ಮಾಡಿ ಇಪ್ಪತ್ತೆಂಟು ಸಂಖ್ಯೆಗಳು ಒಂದಾದ ಮೇಲೊಂದು ಅವಿಭಾಜ್ಯ ಅಲ್ಲ ಅಂತ ಸಾಬೀತಾಗಿದೆ. ಅದರಾಚೆಯದು ಏನು ಅಂತ ಜಗತ್ತಿನಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ. ಫರ್ಮಾ ಹೇಳಿದ್ದರಲ್ಲಿ ಇಲ್ಲಿವರೆಗೆ ನಿಜವಾಗಿದ್ದು ಅವನಿಗೆ ಗೊತ್ತಿದ್ದ ಆ ಐದೇ.

ಪ್ರಶ್ನೆ: ಇದೆಲ್ಲ ಕೇಳೋಕೆ ಚೆನ್ನಾಗಿದೆ. ಉಪಯೋಗ ಏನು?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಉಪಯೋಗ ಇಲ್ಲದಿದ್ದರೂ ನಾನು ಬರೆಯುತ್ತಿದ್ದೆ, ಅದಿರಲಿ. ನಿಮ್ಮ ಜೇಬಿನಲ್ಲಿರುವ ಮೊಬೈಲು 64 ಬಿಟ್‌ನದು ಅಲ್ವಾ? ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಸ್ಥಾನ. 64 ಸ್ಥಾನದಲ್ಲೂ 1 ತುಂಬಿದರೆ ಬರುವ ಸಂಖ್ಯೆ ಇದೇ 18446744073709551615. ಅಂದರೆ ಅದರ ಒಂದು ಖಾನೆ ಹಿಡಿಯುವ ಅತಿ ದೊಡ್ಡ ಪೂರ್ಣಾಂಕ ನಮ್ಮ ಅಕ್ಕಿ ಲೆಕ್ಕವೇ. ಅದಕ್ಕೆ ಒಂದು ಕೂಡಿಸಿದರೆ ಹಳೇ ಸ್ಕೂಟರಿನ ಮೀಟರು 99999 ದಾಟಿದ ಹಾಗೆ ಎಲ್ಲ ಸೊನ್ನೆ.

32 ಬಿಟ್‌ನ ಕಾಲದಲ್ಲಿ ಈ ಗೋಡೆ ಹತ್ತಿರವೇ ಇತ್ತು. ಪ್ಲಸ್ ಮೈನಸ್ ಚಿಹ್ನೆಗೆ ಒಂದು ಸ್ಥಾನ ಬಿಟ್ಟರೆ ಮಿತಿ 2147483647. 2014ರ ಕೊನೆಯಲ್ಲಿ ಒಂದು ಕೊರಿಯನ್ ಹಾಡಿನ ವೀಕ್ಷಣೆ ಈ ಅಂಕಿ ದಾಟಿದ ಮೇಲೆ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಿದ್ದಾಗಿ ಹೇಳಿಕೊಂಡಿತು. 1970ರ ಜನವರಿ 1ರಿಂದ ಸೆಕೆಂಡು ಎಣಿಸುವ ಹಳೆಯ ಕಂಪ್ಯೂಟರುಗಳಿಗೆ ಇದೇ ಗೋಡೆ ಎದುರಾಗುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅಂದಹಾಗೆ 2147483647 ಅವಿಭಾಜ್ಯ, ಅದನ್ನು 1772ರಲ್ಲಿ ತೋರಿಸಿಕೊಟ್ಟವನು ಮತ್ತೆ ಅದೇ ಆಯ್ಲರ್.

ಏಳು ಚೂರುಗಳಲ್ಲಿ ಒಂದಾದ 65537 ನೀವು ಇಂಟರ್ನೆಟ್ಟಿಗೆ ಹೋದಾಗಲೆಲ್ಲ ತೆರೆಮರೆಯಲ್ಲಿ ದುಡಿಯುತ್ತಿರಬಹುದು. ಆರ್‌ಎಸ್‌ಎ ಎಂಬ ಗುಪ್ತಲಿಪಿ ವಿಧಾನದಲ್ಲಿ ಎಲ್ಲರಿಗೂ ಕಾಣುವ ಘಾತಾಂಕವಾಗಿ ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಇದನ್ನೇ. ಯಾಕೆಂದರೆ ದ್ವಿಮಾನದಲ್ಲಿ ಇದರ ಎರಡು ತುದಿಗೆ ಮಾತ್ರ 1, ನಡುವೆ ಎಲ್ಲ ಸೊನ್ನೆ. ಹದಿನಾರು ಸಲ ವರ್ಗ, ಒಂದು ಸಲ ಗುಣಾಕಾರ, ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಪಿಂಗಳನ ಉಪಾಯವೇ ಅಲ್ವಾ ಇದು!

ಅಕ್ಕಿ ಎಷ್ಟಾಗುತ್ತೆ ಅಂತ ಇನ್ನೂ ಕೆಲವರು ಕೇಳಿದ್ದಾರೆ. ಕಾಳಿಗೆ 20 ಮಿಲಿಗ್ರಾಂ ಅಂತ ಹಿಡಿದರೆ ಸುಮಾರು 37,000 ಕೋಟಿ ಟನ್. ಇಡೀ ಜಗತ್ತು ಈಗ ವರ್ಷಕ್ಕೆ 50 ಕೋಟಿ ಟನ್‌ಗಿಂತ ಸ್ವಲ್ಪ ಜಾಸ್ತಿ ಅಕ್ಕಿ ಬೆಳೆಯುತ್ತದೆ, ಅಂದರೆ ಏಳುನೂರು ವರ್ಷದ ಬೆಳೆ. ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಒಂದೊಂದಾಗಿ ಸಾಗಿಸುತ್ತಾ ಮಕ್ಕಳು ಆಡುವ ಹನೋಯ್ ಗೋಪುರದ ಆಟಕ್ಕೂ ಇದೇ ಸಂಖ್ಯೆ. 1883ರಲ್ಲಿ ಎಡ್ವಾರ್ಡ್ ಲೂಕಾಸ್ ಆ ಆಟ ಮಾರುಕಟ್ಟೆಗೆ ತಂದಾಗ ಕಾಶಿಯ ದೇವಸ್ಥಾನದಲ್ಲಿ 64 ಬಂಗಾರದ ಬಿಲ್ಲೆಗಳಿವೆ, ಪೂಜಾರಿಗಳು ಅವನ್ನು ಸಾಗಿಸಿ ಮುಗಿಸಿದ ದಿನ ಪ್ರಳಯ ಅಂತ ಒಂದು ಕತೆಯೂ ಅದರ ಜೊತೆ ಹರಡಿತು. 64 ಬಿಲ್ಲೆಗೆ ಬೇಕಾದ ನಡೆಗಳು 2⁶⁴ − 1. ಸೆಕೆಂಡಿಗೆ ಒಂದರಂತೆ ನಡೆಸಿದರೂ 58,000 ಕೋಟಿ ವರ್ಷ ದಾಟುತ್ತದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಪ್ರಳಯಕ್ಕೆ ಇನ್ನೂ ಟೈಮಿದೆ.

ಪ್ರಶ್ನೆ: ಈ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 87, ಅದನ್ನು ಕೂಡಿದರೆ 15, ಮತ್ತೆ ಕೂಡಿದರೆ 6. ಆರು ಶುಕ್ರನ ಸಂಖ್ಯೆ. ಧಾನ್ಯಕ್ಕೂ ಸಮೃದ್ಧಿಗೂ ಶುಕ್ರನಿಗೂ ಸಂಬಂಧ ಇದೆ. ಇದನ್ನು ನೀವು ಯಾಕೆ ಬರೆದಿಲ್ಲ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಕೂಡಿದ್ದು ಸರಿಯಾಗಿದೆ, ಶುಕ್ರನನ್ನು ಮಾತ್ರ ಬಿಟ್ಟುಬಿಡಿ. ಹೀಗೆ ಕೂಡುತ್ತಾ ಹೋದಾಗ ಕೊನೆಗೆ ಉಳಿಯುವುದು 9ರಿಂದ ಭಾಗಿಸಿದಾಗ ಬರುವ ಶೇಷ (ಶೇಷ ಸೊನ್ನೆಯಾದರೆ 9), ಅಷ್ಟೇ. ಪ್ರತಿ ಒಂಬತ್ತು ಸಂಖ್ಯೆಯಲ್ಲಿ ಒಂದಕ್ಕೆ 6 ಬಂದೇ ಬರುತ್ತದೆ, ನಿಮ್ಮ ಕರೆಂಟ್ ಬಿಲ್ಲಿಗೂ ಬರಬಹುದು. ಹತ್ತರ ಬದಲು ಎರಡರ ಎಣಿಕೆಯಲ್ಲಿ ಬರೆದರೆ ಇದೇ ಸಂಖ್ಯೆಯ ಅಂಕಿಗಳ ಮೊತ್ತ 64. ಆಗ ಯಾವ ಗ್ರಹ?

ಪ್ರಶ್ನೆ: ದೊಡ್ಡ ಗುಣಾಕಾರ ಮಾಡಿದ ಮೇಲೆ ಸರಿ ಇದೆಯೋ ಇಲ್ಲವೋ ಅಂತ ಬೇಗ ತಿಳಿಯೋದು ಹೇಗೆ? ಶಕುಂತಲಾ ದೇವಿಯವರ ಆ ಪ್ರಸಿದ್ಧ ಲೆಕ್ಕವನ್ನು ನಾವೇ ಪರೀಕ್ಷೆ ಮಾಡಬಹುದಾ?
(ಗೃಹಿಣಿ, ಶಿರಸಿ)

ಉತ್ತರ: ಮಾಡಬಹುದು ಅಕ್ಕಾ, ದಾವಣಗೆರೆಯವರು ಕೂಡಿದ ಹಾಗೇ ಕೂಡಿದರೆ ಸಾಕು. ಬೆಂಗಳೂರಿನ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎರಡು ಹದಿಮೂರಂಕಿಯ ಸಂಖ್ಯೆಗಳನ್ನು ಬಾಯಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಸಂಖ್ಯೆಗಳು 7686369774870 ಮತ್ತು 2465099745779. ಅವರು ಹೇಳಿದ ಉತ್ತರ 18947668177995426462773730.

ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಮತ್ತೆ ಕೂಡಿದರೆ 15, ಮತ್ತೆ 6. ಎರಡನೆಯದು 74, ಆಮೇಲೆ 11, ಆಮೇಲೆ 2. ಆರು ಎರಡಲ ಹನ್ನೆರಡು, ಕೂಡಿದರೆ 3. ಉತ್ತರದ 26 ಅಂಕಿಗಳನ್ನು ಕೂಡಿ: 138, ಆಮೇಲೆ 12, ಆಮೇಲೆ 3. ಹೊಂದಿತು. ಹೊಂದದೆ ಹೋದರೆ ಎಲ್ಲೋ ತಪ್ಪಾಗಿದೆ ಅಂತ ಖಚಿತ. ಹೊಂದಿದರೆ ಮಾತ್ರ ಸರಿ ಅಂತ ಗ್ಯಾರಂಟಿ ಇಲ್ಲ, ಏಕೆಂದರೆ ಎರಡು ಅಂಕಿ ಅದಲು ಬದಲಾದರೆ ಮೊತ್ತ ಬದಲಾಗುವುದಿಲ್ಲ, 0 ಇರುವ ಕಡೆ 9 ಬಂದರೂ ಈ ವಿಧಾನಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಕೊನೆಯ ಅಂಕಿಯನ್ನೂ ನೋಡಿಕೊಳ್ಳಿ: ಒಂದು ಸಂಖ್ಯೆ 0ಯಲ್ಲಿ ಮುಗಿದಿದೆ, ಉತ್ತರವೂ 0ಯಲ್ಲಿ ಮುಗಿದಿದೆ. ಕೈ ಪಳಗಲಿ ಅಂತಿದ್ದರೆ ಮೇಲಿನ 641 × 6700417 ಮೇಲೆ ಇದನ್ನು ಮಾಡಿ ನೋಡಿ, ಎರಡೂ ಕಡೆ 5 ಬರಬೇಕು.